ಮನೆಗೆ ಬಂದ ಬೆಕ್ಕಿನ ಮರಿ

ಮಕ್ಕಳೇ, ಹೀಗೊಂದು ಸಂಜೆಯನ್ನು ಊಹಿಸಿಕೊಳ್ಳಿ. ಶಾಲೆ ಬಿಟ್ಟು ಮನೆಗೆ ಬರುತ್ತಿದ್ದೀರಿ. ದಾರಿಯಲ್ಲಿ ಶೇಂಗಾ ಹೊಟ್ಟಿನ ಬಣವೆಯ ಪಕ್ಕದಿಂದ 'ಮಿಯಾಂವ್' ಎಂಬ ಸಣ್ಣ ದನಿ ಕೇಳುತ್ತದೆ. ಬಗ್ಗಿ ನೋಡಿದರೆ ಅಂಗೈ ಅಗಲದ ಬೆಕ್ಕಿನ ಮರಿ! ಎತ್ತಿಕೊಳ್ಳಲು ಹೋದಾಗ ಅದು ಹೆದರಿ ನಿಮ್ಮ ಮುಂಗೈಯನ್ನು ಪರಚುತ್ತದೆ. ಒಂದು ಸಣ್ಣ ಗೀರು, ಒಂದು ಹನಿ ರಕ್ತ. ಆದರೂ ನೀವು ಅದನ್ನು ಮನೆಗೆ ತರುತ್ತೀರಿ.

ಈಗ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ. ಪರಚಿದ್ದನ್ನು ಅಮ್ಮನಿಗೆ ಹೇಳಬೇಕೆ? ಹೇಳಿದರೆ 'ಮೊದಲು ಇದನ್ನು ಎಲ್ಲಾದರೂ ಬಿಟ್ಟು ಬಾ' ಎಂದುಬಿಟ್ಟರೆ?

ಈ ಪ್ರಶ್ನೆಗೆ ವಿಜ್ಞಾನದಲ್ಲಿ ಸರಿಯಾದ ಉತ್ತರವಿದೆ. ಅದನ್ನು ತಿಳಿಯುವ ಮೊದಲು ಮರಿಯ ಪರಿಚಯ ಮಾಡಿಕೊಳ್ಳೋಣ.

ನಮ್ಮ ಊರಿನ ಬೆಕ್ಕುಗಳು

ಚಳ್ಳಕೆರೆ ಎಂದರೆ ಶೇಂಗಾ ಮತ್ತು ಎಣ್ಣೆ ಗಿರಣಿಗಳ ಊರು. ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆಯ ಊರು. ಕಾಳಿನ ಚೀಲ ಇದ್ದಲ್ಲಿ ಇಲಿ ಇರುತ್ತದೆ. ಇಲಿ ಇದ್ದಲ್ಲಿಗೆ ಬೆಕ್ಕು ಬರುತ್ತದೆ. ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಧಾನ್ಯ ಬೆಳೆದು ಕೂಡಿಡಲು ಆರಂಭಿಸಿದಾಗ ಕಾಡುಬೆಕ್ಕು ಅವನ ಮನೆಯ ಹತ್ತಿರ ಬಂದದ್ದೂ ಹೀಗೆಯೇ.

ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ದಿಕ್ಕಿಲ್ಲದ ಪ್ರಾಣಿಗಳಿಗಾಗಿ ಆಶ್ರಯಧಾಮಗಳಿವೆ. ಸಾಕಲು ಬಯಸುವವರು ಅಲ್ಲಿಂದ ಬೆಕ್ಕನ್ನು ತರುತ್ತಾರೆ. ಒಳ್ಳೆಯ ಆಶ್ರಯಧಾಮಗಳಲ್ಲಿ ಪಶುವೈದ್ಯರು ಪರೀಕ್ಷಿಸಿ, ಲಸಿಕೆ ಹಾಕಿದ ಮೇಲೆಯೇ ಕೊಡುತ್ತಾರೆ. ನಮ್ಮ ಕಡೆ ಹೆಚ್ಚಿನ ಮರಿಗಳು ಬರುವುದು ಬಣವೆಯಿಂದ, ಅಟ್ಟದಿಂದ, ಓಣಿಯಿಂದ. ಅವುಗಳನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಆದ್ದರಿಂದ ಆ ಕೆಲಸ ನಿಮ್ಮ ಮನೆಯವರ ಮೇಲೆ ಬೀಳುತ್ತದೆ. ಎಲ್ಲಿಂದ ತಂದ ಮರಿಯಾದರೂ ಮೊದಲ ಹದಿನೈದು ದಿನ ಎಚ್ಚರ ಬೇಕು.

ಮೊದಲು ತಾಯಿಯನ್ನು ಹುಡುಕಿ

ಒಂಟಿಯಾಗಿ ಕಂಡ ಮರಿಯೆಲ್ಲ ಅನಾಥವಲ್ಲ. ತಾಯಿ ಬೇಟೆಗೆ ಹೋಗಿರಬಹುದು. ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಜಾಗಕ್ಕೆ ಸಾಗಿಸುತ್ತಿರಬಹುದು. ಮರಿ ಬೆಚ್ಚಗೆ, ಸುರಕ್ಷಿತವಾಗಿ ಇದ್ದರೆ ದೂರ ನಿಂತು ಕೆಲವು ಗಂಟೆ ಕಾಯಿರಿ.

ಮರಿಯ ವಯಸ್ಸನ್ನು ಅಂದಾಜು ಮಾಡಬಹುದು. ಹುಟ್ಟಿದ ಮರಿಗೆ ಕಣ್ಣು ಮುಚ್ಚಿರುತ್ತದೆ. ಸುಮಾರು 7ರಿಂದ 14 ದಿನಗಳಲ್ಲಿ ಕಣ್ಣು ಬಿಡುತ್ತದೆ. ಮೂರು ವಾರಕ್ಕೆ ತಟ್ಟಾಡುತ್ತ ನಡೆಯುತ್ತದೆ. ನಾಲ್ಕು ವಾರಕ್ಕೆ ಮೆತ್ತನೆಯ ಆಹಾರ ನೆಕ್ಕಲು ಕಲಿಯುತ್ತದೆ. ಎಂಟು ವಾರದ ಹೊತ್ತಿಗೆ ತಾಯಿಯ ಹಾಲು ಬಿಡುತ್ತದೆ.

ಮೂರು ವಾರದೊಳಗಿನ ಮರಿಗೆ ತಾನಾಗಿ ಮೂತ್ರ ಮಾಡಲೂ ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಮಾಡುತ್ತದೆ! ಅಂಥ ಮರಿಯನ್ನು ಸಾಕುವುದು ಬಹಳ ಕಷ್ಟ. ಎಂಟು ವಾರ ತುಂಬಿದ ಮರಿಯನ್ನು ತರುವುದು ಎಲ್ಲರಿಗೂ ಒಳ್ಳೆಯದು.

ಹದಿನೈದು ದಿನ ಬೇರೆ ಜಾಗ

ಹೊಸ ಮರಿಯನ್ನು ಮೊದಲ ಎರಡು ವಾರ ಮನೆಯ ಒಂದು ಮೂಲೆಯಲ್ಲಿ ಬೇರೆಯಾಗಿ ಇಡಿ. ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಕಂಬಳಿಯ ತುಂಡು, ನೀರಿನ ಬಟ್ಟಲು, ಮರಳು ತುಂಬಿದ ತಟ್ಟೆ ಇದ್ದರೆ ಸಾಕು. ಮನೆಯಲ್ಲಿ ಬೇರೆ ಬೆಕ್ಕು ಇದ್ದರೆ ಅದರ ಜೊತೆ ಬಿಡಬೇಡಿ. ರೋಗಾಣು ದೇಹವನ್ನು ಹೊಕ್ಕ ಕೂಡಲೇ ರೋಗ ಕಾಣಿಸುವುದಿಲ್ಲ. ಅದು ಒಳಗೆ ಬೆಳೆಯಲು ಕೆಲವು ದಿನ ಬೇಕು. ಹಲವು ರೋಗಗಳು ಈ ಎರಡು ವಾರಗಳಲ್ಲಿ ಹೊರಗೆ ಕಾಣಿಸಿಕೊಳ್ಳುತ್ತವೆ.

ಈ ದಿನಗಳಲ್ಲಿ ನೀವು ಒಂದು ನೋಟ್‌ಪುಸ್ತಕ ಇಡಿ. ದಿನವೂ ಇವನ್ನು ಗಮನಿಸಿ ಬರೆಯಿರಿ.

ಕಣ್ಣು: ಸ್ವಚ್ಛವಾಗಿದೆಯೇ, ಪಿಸುರು ಕಟ್ಟಿದೆಯೇ?
ಮೂಗು: ಸೀನು, ಸಿಂಬಳ ಇದೆಯೇ?
ಒಸಡು: ನಸುಗೆಂಪಾಗಿದೆಯೇ, ಬಿಳಿಚಿಕೊಂಡಿದೆಯೇ?
ಹೊಟ್ಟೆ: ಮೈ ಬಡಕಲಾಗಿ ಹೊಟ್ಟೆ ಮಾತ್ರ ಉಬ್ಬಿದೆಯೇ?
ಮಲ: ಗಟ್ಟಿಯೇ, ನೀರಾಗಿದೆಯೇ, ಹುಳು ಇದೆಯೇ?
ತೂಕ: ಕಿರಾಣಿ ಅಂಗಡಿಯ ತಕ್ಕಡಿಯಂಥದ್ದು ಸಿಕ್ಕರೆ ವಾರಕ್ಕೊಮ್ಮೆ ತೂಗಿ. ಬೆಳೆಯುವ ಮರಿಯ ತೂಕ ದಿನಕ್ಕೆ ಸುಮಾರು 10 ಗ್ರಾಂನಷ್ಟು ಏರಬೇಕು.

ಒಸಡು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದು ಅರ್ಥ. ಚಿಗಟ ಮತ್ತು ಕೊಕ್ಕೆಹುಳು ಮರಿಯ ರಕ್ತವನ್ನು ಹೀರುತ್ತವೆ. ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳು ಇರಬಹುದು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ವಾಂತಿ ಭೇದಿ ನಿಲ್ಲದಿದ್ದರೆ ಕಾಯಬಾರದು. ಮರಿಯ ಮೈ ಚಿಕ್ಕದು, ಬೇಗ ನೀರು ಕಳೆದುಕೊಳ್ಳುತ್ತದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪಶು ಆಸ್ಪತ್ರೆಗೆ ಹಿರಿಯರ ಜೊತೆ ಹೋಗಿ. ಅದು ಕುರಿ, ಎಮ್ಮೆ, ಎತ್ತುಗಳಿಗೆ ಮಾತ್ರವಲ್ಲ. ಬೆಕ್ಕನ್ನೂ ಅಲ್ಲಿ ತೋರಿಸಬಹುದು. ಹೋಗುವಾಗ ನಿಮ್ಮ ನೋಟ್‌ಪುಸ್ತಕ ಮರೆಯಬೇಡಿ. ಮರಿಗೆ ಮಾತು ಬಾರದು, ಅದರ ಪರವಾಗಿ ನಿಮ್ಮ ಪುಸ್ತಕವೇ ಮಾತನಾಡುತ್ತದೆ.

ಹಾಲು ಸಾಕೆ?

ಬೆಕ್ಕು ಎಂದರೆ ಹಾಲು ಎಂದು ನಾವೆಲ್ಲ ತಿಳಿದಿದ್ದೇವೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಅರಗಿಸಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಮರಿ ಬೆಳೆದಂತೆ ಈ ಕಿಣ್ವ ಅದರ ಕರುಳಿನಲ್ಲಿ ಕಡಿಮೆಯಾಗುತ್ತದೆ. ಆಗ ಹಾಲು ಕುಡಿದ ಹಲವು ಬೆಕ್ಕುಗಳಿಗೆ ಭೇದಿಯಾಗುತ್ತದೆ.

ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ವಸ್ತು ಅದರ ಕಣ್ಣಿಗೂ ಹೃದಯಕ್ಕೂ ಬೇಕೇ ಬೇಕು. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಬೇಕಾದಷ್ಟು ತಯಾರಿಸಲು ಆಗುವುದಿಲ್ಲ. ಮಾಂಸ, ಮೀನಿನಿಂದ ಪಡೆಯಬೇಕು. ಇಲಿಯ ಮೈಯಲ್ಲಿಯೂ ಅದು ಚೆನ್ನಾಗಿದೆ. ಅನ್ನ ಹಾಲು ಮಾತ್ರ ಸಿಗುವ ಮನೆಯ ಬೆಕ್ಕು ಇಲಿ ಹಿಡಿದು ಈ ಕೊರತೆ ತುಂಬಿಕೊಳ್ಳುತ್ತದೆ. ಇಲಿ ಹಿಡಿಯಲಾರದ ಮರಿಗೆ ಬೇಯಿಸಿದ ಮೀನು, ಮಾಂಸ ಇಲ್ಲವೇ ಅಂಗಡಿಯ ಬೆಕ್ಕಿನ ಆಹಾರ ಬೇಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯಲ್ಲಿ ಇಲಿಪಾಷಾಣ ಇಟ್ಟಿದ್ದರೆ ಹಿರಿಯರಿಗೆ ನೆನಪಿಸಿ. ವಿಷ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು.

ನಿಮ್ಮ ಮಾತ್ರೆ ಅದಕ್ಕೆ ವಿಷ

ಜ್ವರ ಬಂದಾಗ ನಮಗೆ ಪ್ಯಾರಾಸಿಟಮಾಲ್ ಕೊಡುತ್ತಾರೆ. ನಮ್ಮ ಯಕೃತ್ತು ಆ ಔಷಧಿಗೆ ಸಕ್ಕರೆಯಂಥ ಒಂದು ಅಣುವನ್ನು ಜೋಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಈ ಕೆಲಸ ಮಾಡುವ ಕಿಣ್ವ ತೀರಾ ಕಡಿಮೆ. ಔಷಧಿ ಒಳಗೇ ಉಳಿದು ವಿಷವಾಗುತ್ತದೆ. ಒಂದೇ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಹುದು. ಆದ್ದರಿಂದ ಕರುಣೆಯಿಂದ ಕೂಡ ಮನುಷ್ಯರ ಮಾತ್ರೆ ಕೊಡಬೇಡಿ.

ನಮ್ಮ ಕಡೆ ಕುರಿ ಸಾಕುವವರು ಬಹಳ. ಉಣ್ಣೆ ಚಿಗಟಗಳಿಗೆ ಹಾಕುವ ಔಷಧಿ ಹಲವರ ಮನೆಯಲ್ಲಿರುತ್ತದೆ. ಅದನ್ನೂ ಬೆಕ್ಕಿಗೆ ಹಚ್ಚಬೇಡಿ. ಬೆಕ್ಕು ದಿನವಿಡೀ ಮೈ ನೆಕ್ಕುತ್ತದೆ. ಮೈಮೇಲೆ ಹಾಕಿದ ವಿಷ ನೇರವಾಗಿ ಹೊಟ್ಟೆಗೆ ಹೋಗುತ್ತದೆ. ಚಿಗಟವಿದ್ದರೆ ಸಣ್ಣ ಬಾಚಣಿಗೆಯಿಂದ ಬಾಚಿ, ಸೋಪಿನ ನೀರಿನಲ್ಲಿ ಅದ್ದಿ. ಔಷಧಿಯನ್ನು ಪಶುವೈದ್ಯರೇ ಹೇಳಲಿ.

ಬೆಕ್ಕಿನಿಂದ ನಮಗೆ

ಈಗ ನಿಮ್ಮ ಆರೋಗ್ಯದ ವಿಷಯ. ಬೆಕ್ಕಿನಿಂದ ನಮಗೆ ಬರಬಹುದಾದ ಕೆಲವು ತೊಂದರೆಗಳು ಹೀಗಿವೆ.

ಹುಳುಕಡ್ಡಿ: ಮರಿಯ ಕೂದಲು ಅಲ್ಲಲ್ಲಿ ದುಂಡಗೆ ಉದುರಿದೆಯೇ? ಇದು ಹುಳುಕಡ್ಡಿ ಇರಬಹುದು. ಹೆಸರಿನಲ್ಲಿ ಹುಳು ಇದ್ದರೂ ಇದಕ್ಕೆ ಕಾರಣ ಹುಳುವಲ್ಲ, ಶಿಲೀಂಧ್ರ. ಮುಟ್ಟಿದವರ ಚರ್ಮದ ಮೇಲೆ ತುರಿಸುವ ಕೆಂಪು ಉಂಗುರ ಮೂಡುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಯಾವುದೋ ಮುಲಾಮು ಹಚ್ಚಬೇಡಿ. ವೈದ್ಯರಿಗೆ ತೋರಿಸಿದರೆ ಗುಣವಾಗುತ್ತದೆ.

ಜಂತುಹುಳು: ಶಾಲೆಯಲ್ಲಿ ನಿಮಗೆ ಜಂತುಹುಳು ನಿವಾರಣಾ ಮಾತ್ರೆ ಕೊಡುತ್ತಾರಲ್ಲವೆ? ಮರಿಗೂ ಅಂಥ ಔಷಧಿ ಬೇಕು. ಆದರೆ ಅದರ ತೂಕಕ್ಕೆ ತಕ್ಕ ಬೇರೆ ಔಷಧಿ. ಹಲವು ಮರಿಗಳಿಗೆ ತಾಯಿಯ ಹಾಲಿನ ಮೂಲಕವೇ ದುಂಡುಹುಳು ಬಂದಿರುತ್ತದೆ. ಬೆಕ್ಕಿನ ಮಲದಲ್ಲಿರುವ ಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ. ಮಣ್ಣಿನಲ್ಲಿ ಆಡಿ ಕೈ ತೊಳೆಯದೆ ಉಂಡರೆ ಅವು ನಮ್ಮ ಹೊಟ್ಟೆ ಸೇರುತ್ತವೆ.

ಟಾಕ್ಸೋಪ್ಲಾಸ್ಮಾ: ಇದು ಒಂದೇ ಜೀವಕೋಶದ ಪರೋಪಜೀವಿ. 1908ರಲ್ಲಿ ಇದನ್ನು ಗುರುತಿಸಲಾಯಿತು. ಸೋಂಕು ತಗಲಿದ ಬೆಕ್ಕಿನ ಮಲದಲ್ಲಿ ಕೆಲವು ವಾರ ಮಾತ್ರ ಇದು ಹೊರಬರುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ. ಆದರೆ ಗರ್ಭಿಣಿಯ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯವಾಗಬಹುದು. ಹಾಗೆಂದು ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಗರ್ಭಿಣಿಯಾದ ಕೂಡಲೇ ಬೆಕ್ಕನ್ನು ಹೊರಗೆ ಹಾಕಬೇಕಿಲ್ಲ. ಹೊರಬಂದ ಪರೋಪಜೀವಿ ಸೋಂಕು ತರುವಂತಾಗಲು ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಮರಳಿನ ತಟ್ಟೆಯನ್ನು ದಿನವೂ ಶುಚಿ ಮಾಡಬೇಕು. ಆ ಕೆಲಸವನ್ನು ಗರ್ಭಿಣಿ ಮಾಡಬಾರದು, ಮನೆಯ ಬೇರೆ ಹಿರಿಯರು ಮಾಡಬೇಕು. ತರಕಾರಿ ತೊಳೆಯುವುದು, ಮಾಂಸ ಚೆನ್ನಾಗಿ ಬೇಯಿಸುವುದು ಕೂಡ ಅಷ್ಟೇ ಮುಖ್ಯ.

ಇವೆಲ್ಲಕ್ಕೂ ಮೊದಲ ಔಷಧಿ ಒಂದೇ: ಮರಿಯನ್ನು ಮುಟ್ಟಿದ ಮೇಲೆ, ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯುವುದು.

ಆ ಸಣ್ಣ ಗೀರು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮರಿ ಪರಚಿತು. ಹೇಳಬೇಕೆ, ಬೇಡವೆ?

ಹೇಳಲೇಬೇಕು. ಕಾರಣ ರೇಬೀಸ್. ನಾವು ಇದನ್ನು ಹುಚ್ಚುನಾಯಿ ರೋಗ ಎನ್ನುತ್ತೇವೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಇದು ಬರುವುದು ನಾಯಿ ಕಡಿತದಿಂದಲೇ. ಆದರೆ ರೋಗವಿರುವ ನಾಯಿಯಿಂದ ಕಚ್ಚಿಸಿಕೊಂಡ ಬೆಕ್ಕಿಗೂ ರೇಬೀಸ್ ಬರುತ್ತದೆ. ಅದರ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಬೆಕ್ಕು ತನ್ನ ಪಂಜನ್ನು ನೆಕ್ಕಿಕೊಳ್ಳುವುದನ್ನು ನೀವು ನೋಡಿದ್ದೀರಿ. ಹೀಗಾಗಿ ಕಚ್ಚಿದರೆ ಮಾತ್ರವಲ್ಲ, ಪರಚಿದರೂ ಎಚ್ಚರ ಬೇಕು.

ಗಾಯದಲ್ಲಿ ಸೇರಿದ ವೈರಸ್ ನರದ ಮೂಲಕ ಮೆದುಳಿನ ಕಡೆಗೆ ಮೆಲ್ಲಗೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ರೋಗ ಕಾಣಿಸುತ್ತದೆ. ಕೆಲವೊಮ್ಮೆ ಒಂದೆರಡು ವಾರಗಳಲ್ಲೇ ಕಾಣಿಸಬಹುದು. ರೋಗ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ತೀರಾ ವಿರಳ. ಆದರೆ ವೈರಸ್ ಮೆದುಳು ತಲುಪುವ ಮೊದಲೇ ಲಸಿಕೆ ಕೆಲಸ ಮಾಡಿದರೆ ರೋಗ ಬರುವುದೇ ಇಲ್ಲ. ಇದು ವೈರಸ್ಸಿಗೂ ಲಸಿಕೆಗೂ ನಡೆಯುವ ಓಟದ ಪಂದ್ಯ. ಲಸಿಕೆ ಬೇಗ ಹೊರಟರೆ ಅದೇ ಗೆಲ್ಲುತ್ತದೆ.

ಈ ಪಂದ್ಯದಲ್ಲಿ ಮೊದಲು ಗೆದ್ದವನು ನಿಮ್ಮದೇ ವಯಸ್ಸಿನ ಹುಡುಗ. ಫ್ರಾನ್ಸ್ ದೇಶದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನನ್ನು ಹುಚ್ಚುನಾಯಿ ಹಲವು ಕಡೆ ಕಚ್ಚಿತ್ತು. 1885ರ ಜುಲೈ 6ರಂದು ಲೂಯಿ ಪಾಸ್ಚರ್ ತಯಾರಿಸಿದ್ದ ಲಸಿಕೆಯನ್ನು ಅವನಿಗೆ ಕೊಡಲು ಆರಂಭಿಸಿದರು. ಬಾಲಕ ಬದುಕಿದ. ಪಾಸ್ಚರ್ ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ.

ನೀವೇ ಮಾಡಿ ನೋಡಿ

ಗಾಯವಾದ ಕೂಡಲೇ ಮಾಡಬೇಕಾದ ಕೆಲಸವೆಂದರೆ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು. ಸೋಪೇ ಏಕೆ? ಒಂದು ಪ್ರಯೋಗ ಮಾಡಿ.

ನಮ್ಮ ಊರಿನ ಶೇಂಗಾ ಎಣ್ಣೆಯ ಒಂದು ಹನಿಯನ್ನು ಅಂಗೈಗೆ ಹಾಕಿ ಉಜ್ಜಿ. ಬರೀ ನೀರಿನಲ್ಲಿ ತೊಳೆಯಿರಿ. ನೀರು ಹನಿಹನಿಯಾಗಿ ಜಾರುತ್ತದೆ, ಜಿಡ್ಡು ಹೋಗುವುದಿಲ್ಲ. ಈಗ ಸೋಪು ಹಾಕಿ ತೊಳೆಯಿರಿ. ಜಿಡ್ಡು ಹೋಗುತ್ತದೆ. ಸೋಪಿನ ಅಣುವಿನ ಒಂದು ತುದಿ ಎಣ್ಣೆಯನ್ನು, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಎಣ್ಣೆ ಚೂರುಚೂರಾಗಿ ನೀರಿನ ಜೊತೆ ಹರಿದುಹೋಗುತ್ತದೆ.

ರೇಬೀಸ್ ವೈರಸ್ಸಿನ ಹೊರಕವಚದಲ್ಲಿಯೂ ಕೊಬ್ಬಿನ ಪದರವಿದೆ. ಸೋಪು ಆ ಪದರವನ್ನು ಒಡೆಯುತ್ತದೆ. ಕವಚ ಒಡೆದ ವೈರಸ್ ಸೋಂಕು ಉಂಟುಮಾಡಲಾರದು. ಉಳಿದದ್ದನ್ನು ನೀರು ತೊಳೆದು ಹಾಕುತ್ತದೆ. ಗಾಯಕ್ಕೆ ಖಾರದ ಪುಡಿ, ಸುಣ್ಣ, ಕಾಫಿ ಪುಡಿ, ಎಣ್ಣೆ ಹಚ್ಚುವುದರಿಂದ ಈ ಕೆಲಸ ಆಗುವುದಿಲ್ಲ. ಬದಲಿಗೆ ಗಾಯ ಕೆರಳುತ್ತದೆ.

ಆದರೆ ತೊಳೆದರಷ್ಟೇ ಸಾಲದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತ ಇನ್ನೊಂದು ಔಷಧಿಯನ್ನೂ ಚುಚ್ಚಬೇಕಾಗುತ್ತದೆ. ಲಸಿಕೆ ಪರಿಣಾಮ ಬೀರುವವರೆಗೆ ಅದು ಕಾವಲು ಕಾಯುತ್ತದೆ.

'ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್' ಎಂದು ಅಜ್ಜ ಹೆದರಿಸಬಹುದು. ಅದು ಹಳೆಯ ಮಾತು. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಲ್ಲಿಸಲಾಗಿದೆ. ಈಗಿನ ಲಸಿಕೆಯನ್ನು ಕೆಲವೇ ಸಲ, ತೋಳಿಗೆ ಹಾಕುತ್ತಾರೆ. ವೈದ್ಯರು ಹೇಳಿದ ಯಾವ ದಿನವನ್ನೂ ತಪ್ಪಿಸಬೇಡಿ.

ಮರಿಯನ್ನು ಬಿಟ್ಟು ಬರಬೇಕೆ?

ನಿಮ್ಮ ಭಯ ಇದೇ ಆಗಿತ್ತಲ್ಲವೆ? ಅಮ್ಮ ಅಪ್ಪನಿಗೆ ನೀವು ಈ ವಿಷಯ ತಿಳಿಸಿ.

ರೇಬೀಸ್ ಇರುವ ಬೆಕ್ಕಿನ ಜೊಲ್ಲಿನಲ್ಲಿ ವೈರಸ್ ಬರುವುದು ಅದಕ್ಕೆ ರೋಗ ಕಾಣಿಸುವುದಕ್ಕೆ ಕೆಲವೇ ದಿನ ಮೊದಲು. ರೋಗ ಕಾಣಿಸಿದ ಮೇಲೆ ಬೆಕ್ಕು ಬೇಗನೆ ಸಾಯುತ್ತದೆ. ಆದ್ದರಿಂದ ಪರಚಿದ ಬೆಕ್ಕು 10 ದಿನ ಕಳೆದರೂ ಆರೋಗ್ಯವಾಗಿ ಬದುಕಿದ್ದರೆ, ಪರಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದು ಅರ್ಥ. ವೈದ್ಯರು ಬೆಕ್ಕನ್ನು 10 ದಿನ ಗಮನಿಸಲು ಹೇಳುವುದು ಇದಕ್ಕಾಗಿ. ಆ 10 ದಿನ ಲಸಿಕೆ ನಿಲ್ಲಿಸಿ ಕಾಯಬಾರದು. ಲಸಿಕೆ ಮೊದಲ ದಿನವೇ ಆರಂಭವಾಗಬೇಕು. ಮುಂದಿನದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಈಗ ಯೋಚಿಸಿ. ಮರಿಯನ್ನು ಊರಾಚೆ ಬಿಟ್ಟು ಬಂದರೆ ಅದನ್ನು ಗಮನಿಸುವುದು ಹೇಗೆ? ಅದು ಬದುಕಿದೆಯೋ ಸತ್ತಿದೆಯೋ ಯಾರಿಗೆ ಗೊತ್ತಾಗುತ್ತದೆ? ಮರಿಯನ್ನು ಮನೆಯಲ್ಲಿಯೇ, ಬೇರೆ ಜಾಗದಲ್ಲಿ ಸುರಕ್ಷಿತವಾಗಿ ಇಡುವುದೇ ನಿಮಗೂ ಒಳ್ಳೆಯದು, ಅದಕ್ಕೂ ಒಳ್ಳೆಯದು. ಆ ದಿನಗಳಲ್ಲಿ ಹಿರಿಯರು ಮಾತ್ರ ಅದಕ್ಕೆ ಆಹಾರ ಕೊಡಲಿ. ಮರಿ ವಿಚಿತ್ರವಾಗಿ ಆಡಿದರೆ, ಜೊಲ್ಲು ಸುರಿಸಿದರೆ, ನಡೆಯಲಾರದೆ ಹೋದರೆ, ಸತ್ತುಹೋದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನೀವು ಅಂಗಿಯ ತೋಳಿನ ಕೆಳಗೆ ಗೀರನ್ನು ಮುಚ್ಚಿಟ್ಟರೆ ಅಮ್ಮನಿಗೆ ಕಾಣದಿರಬಹುದು. ಆದರೆ ವೈರಸ್ಸಿಗೆ ದಾರಿ ಗೊತ್ತಿರುತ್ತದೆ. ಬೈಗುಳ ಒಂದು ಗಂಟೆಯದು, ಪ್ರಾಣ ಹೋದರೆ ಬಾರದು. ಮನೆಯಲ್ಲಿ ಹೇಳಲು ಹೆದರಿಕೆಯಾದರೆ ನಿಮ್ಮ ಟೀಚರ್‌ಗೆ ಹೇಳಿ, ಆಶಾ ಕಾರ್ಯಕರ್ತೆಗೆ ಹೇಳಿ. ಯಾರಾದರೂ ಒಬ್ಬ ದೊಡ್ಡವರಿಗೆ ಅಂದೇ ಹೇಳಿ.

ಮರಿಗೂ ಲಸಿಕೆ

ಸುಮಾರು ಎರಡು ತಿಂಗಳ ಹೊತ್ತಿಗೆ ಮರಿಗೆ ಮೊದಲ ಲಸಿಕೆ ಹಾಕಿಸಬೇಕು. ಇದು ಪ್ಯಾನ್‌ಲ್ಯೂಕೋಪೀನಿಯಾ ಮೊದಲಾದ ರೋಗಗಳನ್ನು ತಡೆಯುತ್ತದೆ. ಆ ರೋಗ ಬಂದ ಮರಿ ವಾಂತಿ ಭೇದಿಯಿಂದ ಬಳಲಿ ಕೆಲವೇ ದಿನಗಳಲ್ಲಿ ಸಾಯಬಹುದು. ಅದು ಮನುಷ್ಯರಿಗೆ ಹರಡುವುದಿಲ್ಲ. 2025ರ ಆರಂಭದಲ್ಲಿ ರಾಯಚೂರು ಜಿಲ್ಲೆಯಲ್ಲಿ ಈ ರೋಗದಿಂದ ಬೆಕ್ಕುಗಳು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮೂರು ತಿಂಗಳು ತುಂಬಿದ ಮೇಲೆ ಮರಿಗೆ ರೇಬೀಸ್ ಲಸಿಕೆ ಹಾಕಿಸಬೇಕು. ಮುಂದೆ ಯಾವಾಗ ಎಂಬುದನ್ನು ಪಶುವೈದ್ಯರು ಬರೆದುಕೊಡುತ್ತಾರೆ. ಬೆಕ್ಕಿಗೆ ಲಸಿಕೆ ಹಾಕಿಸಿದರೆ ಮನೆಮಂದಿಗೂ ರಕ್ಷಣೆ ಸಿಕ್ಕಂತೆ.

ಬಂಡೆಯ ಮೇಲಿನ ಮಾತು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ನೀವು ಹೋಗಿದ್ದೀರಾ? ಅಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಇವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯವನ್ನೇ ಹೇಳಬೇಕು ಎಂಬ ಅರ್ಥದ ಮಾತುಗಳು ಬ್ರಹ್ಮಗಿರಿಯ ಬಂಡೆಯ ಮೇಲಿವೆ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ ಸಂಗತಿಯನ್ನು ಅಶೋಕ ಬೇರೆ ಕಡೆಯ ಶಾಸನಗಳಲ್ಲಿ ಬರೆಸಿದ್ದಾನೆ. ಆಂಧ್ರಪ್ರದೇಶದ ಎರ್ರಗುಡಿ ಅಂಥ ಒಂದು ಸ್ಥಳ.

ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಆ ಮಾತು ಬೆಕ್ಕಿನ ಮರಿಗೂ ಒಪ್ಪುತ್ತದೆ. ಮರಿಯ ಮೇಲೆ ದಯೆ ಇರಲಿ. ಗೀರಿನ ವಿಷಯದಲ್ಲಿ ಸತ್ಯ ಹೇಳಿ. ಆಸ್ಪತ್ರೆಗೆ ಹೊರಡು ಎಂದಾಗ ಅಮ್ಮನ ಮಾತು ಕೇಳಿ.

ನಿಮ್ಮ ಮನೆಯಲ್ಲಿ ಬೆಕ್ಕಿದೆಯೇ? ಅದಕ್ಕೆ ರೇಬೀಸ್ ಲಸಿಕೆ ಹಾಕಿಸಿದ ದಿನ ಯಾವುದು? ಇಂದೇ ಮನೆಯಲ್ಲಿ ಕೇಳಿ, ನಿಮ್ಮ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.